ಕಾರ್ನ್ ಸ್ನೇಕ್ ಮರಿ ನುಂಗಿದ ಪಿಂಕಿಯನ್ನು ಕಕ್ಕಿತು, ಈಗ ಏನೂ ಮುಟ್ಟುತ್ತಿಲ್ಲ

ಮಿಷಿಗನ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾರ್ನ್ ಸ್ನೇಕ್ (ಇಲ್ಲಿ ಮನೆಯಲ್ಲಿ ಸಾಕುವ ವಿಷವಿಲ್ಲದ ಹಾವು) ಮರಿಗೆ ಎರಡು ತಿಂಗಳು, ತೂಕ 9 ಗ್ರಾಂ. ಮನೆಗೆ ತಂದ ಮೂರನೇ ದಿನ ಒಂದು ಪಿಂಕಿ (ಹೆಪ್ಪುಗಟ್ಟಿಸಿ ಮಾರುವ, ಕೂದಲು ಮೂಡದ ಎಳೆ ಇಲಿಮರಿ) ಕೊಟ್ಟೆವು, ನುಂಗಿತು. ಮಾರನೇ ಸಂಜೆ ಅರೆಬರೆ ಕರಗಿದ್ದನ್ನು ಕಕ್ಕಿತ್ತು. ನಾಲ್ಕು ದಿನ ಬಿಟ್ಟು ಇನ್ನೊಂದು ಇಟ್ಟರೆ ತಿರುಗಿಯೂ ನೋಡಲಿಲ್ಲ. ಗಾಜಿನ ತೊಟ್ಟಿ 75 ಲೀಟರಿನದು, ಒಂದು ಬದಿಗೆ ಕೆಳಗಡೆ ಹೀಟ್ ಮ್ಯಾಟ್. ಗೋಡೆಗೆ ಅಂಟಿಸಿದ ಥರ್ಮಾಮೀಟರ್ 27 ಡಿಗ್ರಿ ತೋರಿಸುತ್ತದೆ. ತಪ್ಪು ಎಲ್ಲಾಗಿದೆ? ದೊಡ್ಡದಾಗುವವರೆಗೆ ಊಟ ಹೇಗೆ ಬದಲಿಸಬೇಕು?

ಉರಗಸ್ನೇಹಿ:
ಸರ್, ಮೊದಲು ಊಟ ನಿಲ್ಲಿಸಿ. ನಾಲ್ಕೇ ದಿನಕ್ಕೆ ಮತ್ತೆ ಇಟ್ಟದ್ದು ಬಹಳ ಬೇಗವಾಯಿತು, ಅದು ತಿನ್ನದೇ ಹೋದದ್ದೇ ಒಳ್ಳೆಯದಾಯಿತು. ಕಕ್ಕುವಾಗ ಜಠರದ ಆಮ್ಲ ಅನ್ನನಾಳವನ್ನು ಸುಡುತ್ತದೆ, ಮೈಯ ನೀರೂ ಹೋಗುತ್ತದೆ. 9 ಗ್ರಾಂ ಮರಿಗೆ ಇದು ಸಣ್ಣ ಪೆಟ್ಟಲ್ಲ. 10ರಿಂದ 14 ದಿನ ನೀರು ಮಾತ್ರ ಇಡಿ, ಕೈಯಲ್ಲಿ ಎತ್ತಲೇಬೇಡಿ. ಆಮೇಲೆ ಸಿಗುವುದರಲ್ಲೇ ಚಿಕ್ಕದಾದ, ಒಂದು ದಿನದ ಪಿಂಕಿ ಕೊಡಿ. ಅದು ಹೊಟ್ಟೆಯಲ್ಲಿ ನಿಂತರೆ ವಾರ ಬಿಟ್ಟು ಮತ್ತೆ ಅಷ್ಟೇ ಗಾತ್ರದ್ದು. ಆಗಲೂ ಕಕ್ಕಿದರೆ ಸರೀಸೃಪ ನೋಡುವ ಪಶುವೈದ್ಯರಿಗೇ ತೋರಿಸಿ. ಮೈ ನಡುವೆ ಉಬ್ಬು ಕಂಡರಂತೂ ತಡ ಮಾಡಬೇಡಿ, ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಯ ಸೋಂಕು ಹಾಗೇ ಕಾಣಿಸಿಕೊಳ್ಳುತ್ತದೆ.

ನನ್ನ ಅನುಮಾನ ಶಾಖದ ಮೇಲೆ. ನಿಮ್ಮ ಥರ್ಮಾಮೀಟರ್ ಹೇಳುತ್ತಿರುವುದು ಗೋಡೆಯ ಕಥೆ, ಹಾವು ಮಲಗುವ ನೆಲದ್ದಲ್ಲ. ಥರ್ಮೋಸ್ಟಾಟ್ (ಶಾಖ ಹತೋಟಿಯಲ್ಲಿಡುವ ಸಾಧನ) ಇಲ್ಲದ ಮ್ಯಾಟ್ ಸುಲಭವಾಗಿ 40 ಡಿಗ್ರಿ ದಾಟುತ್ತದೆ. ಬಿಸಿ ತಾಳದ ಮರಿ ತಣ್ಣನೆಯ ಬದಿಗೆ ಸರಿಯುತ್ತದೆ, ಅಲ್ಲಿ ಹೊಟ್ಟೆಯಲ್ಲಿರುವುದು ಅರಗುವ ಮೊದಲೇ ಕೊಳೆಯಲು ಶುರುವಾಗುತ್ತದೆ. ಮ್ಯಾಟ್‌ನ ನೇರಕ್ಕೆ ಗಾಜಿನ ನೆಲದ ಮೇಲೆ ಥರ್ಮೋಸ್ಟಾಟ್‌ನ ತಂತಿ ತುದಿ ಇಟ್ಟು ಟೇಪ್ ಇಲ್ಲದೆ ಭದ್ರ ಮಾಡಿ (ಟೇಪಿಗೆ ಅಂಟಿದ ಮರಿಯ ಚರ್ಮ ಕಿತ್ತು ಬರುತ್ತದೆ), 31ಕ್ಕೆ ಹೊಂದಿಸಿ. ಇನ್ನೊಂದು ಬದಿ 23-24 ಇರಲಿ. ನೆಲಕ್ಕೆ ಆಸ್ಪೆನ್ ಮರದ ಹೊಟ್ಟು ಎರಡು ಮೂರು ಸೆಂಟಿಮೀಟರ್ ಸಾಕು. ಸೀಡರ್ ಮರದ್ದು ಮಾತ್ರ ಬೇಡವೇ ಬೇಡ, ಅದರ ಎಣ್ಣೆಯ ಘಾಟು ಹಾವಿಗೆ ವಿಷ.

ಅಡಗುತಾಣ ಎರಡೂ ಬದಿಗೆ ಒಂದೊಂದು ಬೇಕು. ಸುರುಳಿ ಸುತ್ತಿದರೆ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಲಿ. ಒಂದೇ ಕಡೆ ಇಟ್ಟರೆ ಹಾವು ಶಾಖ ಬಿಟ್ಟಾದರೂ ಮರೆಯನ್ನೇ ಆರಿಸಿಕೊಳ್ಳುತ್ತದೆ. ಮುಂದೆ ಯಾವ ಮರಿ ತಂದರೂ ಮೊದಲ ಒಂದು ವಾರ ಅದರ ಪಾಡಿಗೆ ಬಿಟ್ಟು ಆಮೇಲೆ ಊಟ.

ಮಿಷಿಗನ್_ಕನ್ನಡಿಗ:
ಅಳೆದೆ ಸರ್. ಮ್ಯಾಟ್ ಮೇಲಿನ ಗಾಜು 41 ಡಿಗ್ರಿ! ಆರಿಸಿದ್ದೇನೆ, ಥರ್ಮೋಸ್ಟಾಟ್ ನಾಳೆ ಬರುತ್ತದೆ. ಪಿಂಕಿಯನ್ನು ನೇರವಾಗಿ ಬಿಸಿನೀರಿಗೆ ಹಾಕಿ ಕರಗಿಸಿದ್ದೆವು, ಅದು ಸರಿಯೇ?

ಪೊರೆ_ಬಿಟ್ಟವರು:
ಬೇಡ, ವಾಸನೆಯೆಲ್ಲ ತೊಳೆದುಹೋಗುತ್ತದೆ. ಹಾವು ಊಟ ಗುರುತಿಸುವುದೇ ನಾಲಿಗೆಗೆ ಸಿಗುವ ವಾಸನೆಯಿಂದ. ಹಿಂದಿನ ರಾತ್ರಿಯೇ ಜಿಪ್ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಕೊಡುವ ಮೊದಲು ಚೀಲದ ಸಮೇತ 40 ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ. ಬೆರಳಲ್ಲಿ ಹೊಟ್ಟೆ ಮೆಲ್ಲಗೆ ಒತ್ತಿ ನೋಡಿ, ಒಳಗೆ ಗಟ್ಟಿ ಗಂಟು ಸಿಕ್ಕಿದರೆ ಇನ್ನೂ ಮಂಜಿದೆ ಎಂದರ್ಥ. ಹಾಗೇ ಕೊಟ್ಟರೆ ಮತ್ತೆ ಕಕ್ಕುತ್ತದೆ. ಮೈಕ್ರೋವೇವ್‌ನಲ್ಲಿ ಹೊರಗೆ ಬೇಯುತ್ತದೆ, ಒಳಗೆ ಹೆಪ್ಪುಗಟ್ಟಿಯೇ ಉಳಿದಿರುತ್ತದೆ.

ವಿಶ್ರಾಂತಿ ಮುಗಿದ ಮೇಲೂ ಮುಟ್ಟದಿದ್ದರೆ: ಗಾಳಿತೂತುಗಳಿರುವ ಅಂಗೈಯಗಲದ ಡಬ್ಬಿಗೆ ಪೇಪರ್ ಟವೆಲ್ ಹಾಸಿ, ಮರಿ ಮತ್ತು ಪಿಂಕಿ ಎರಡನ್ನೂ ಒಳಗಿಟ್ಟು, ಮುಚ್ಚಳ ಹಾಕಿ ಕತ್ತಲಲ್ಲಿ ಒಂದು ಗಂಟೆ ಬಿಡಿ. ಇಣುಕಬೇಡಿ. ಡಬ್ಬಿ ಮ್ಯಾಟ್ ಮೇಲಿರಬಾರದು. ಅದಕ್ಕೂ ಜಗ್ಗದಿದ್ದರೆ ಪಿಂಕಿಯ ತಲೆ ಸೂಜಿಯಿಂದ ಚುಚ್ಚಿ ಮಿದುಳಿನ ಒಂದು ಹನಿ ಹೊರಬರುವಂತೆ ಮಾಡಿ, ನೋಡಲು ಕಷ್ಟ, ಆದರೆ ಬಹಳ ಸಲ ಫಲಿಸುತ್ತದೆ. ಫ್ಲೋರಿಡಾ, ಕ್ಯಾರೊಲೈನಾ ಕಡೆಯ ಕಾಡಿನಲ್ಲಿ ಈ ಮರಿಗಳು ಮೊದಲು ತಿನ್ನುವುದು ಅನೋಲ್ ಹಲ್ಲಿ, ಮರಗಪ್ಪೆಗಳನ್ನು. ಹಾಗಾಗಿ ಅನೋಲ್‌ನ ಪೊರೆಯನ್ನು ಪಿಂಕಿಗೆ ಸವರಿದರೆ ಹಟಮಾರಿ ಮರಿಯೂ ಬಾಯಿ ಹಾಕುವುದುಂಟು. ಹೊರಗಿನ ಹಲ್ಲಿಯನ್ನೇ ಹಿಡಿದು ಕೊಡಬೇಡಿ, ಪರಾವಲಂಬಿ ಹುಳುಗಳು ಬರುತ್ತವೆ. ಕಣ್ಣು ನೀಲಿಗಟ್ಟಿದ್ದರೆ ಏನೂ ಮಾಡಬೇಡಿ, ಪೊರೆ ಬಿಡುವವರೆಗೆ ಹಸಿವಿರುವುದಿಲ್ಲ.

ಗ್ರಾಂ_ಲೆಕ್ಕ:
ದೊಡ್ಡದಾಗುವವರೆಗಿನದು ನಾನು ಹೇಳುತ್ತೇನೆ. ಅಡಿಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ, ವಯಸ್ಸು ನೋಡಿ ಊಟ ಬದಲಿಸಬೇಡಿ, ತೂಕ ನೋಡಿ. 15 ಗ್ರಾಂವರೆಗೆ ಒಂದು ಪಿಂಕಿ, 5ರಿಂದ 7 ದಿನಕ್ಕೊಮ್ಮೆ. 30ರವರೆಗೆ ಎರಡು ಪಿಂಕಿ ಅಥವಾ ಒಂದು ಚಿಕ್ಕ ಫಝಿ (ತುಪ್ಪಳ ಮೂಡತೊಡಗಿದ ಇಲಿಮರಿ). 50 ದಾಟಿದರೆ ಹಾಪರ್ (ಕಣ್ಣು ಬಿಟ್ಟು ಜಿಗಿಯುವ ಇಲಿಮರಿ), 100 ದಾಟಿದರೆ ಹಾಲು ಬಿಟ್ಟ ಚಿಕ್ಕ ಇಲಿ, ವಾರಕ್ಕೊಮ್ಮೆ. ಮೂರು ವರ್ಷದ ಹೊತ್ತಿಗೆ ದೊಡ್ಡ ಇಲಿ, 10ರಿಂದ 14 ದಿನಕ್ಕೊಂದು. ಅಂದಾಜು ಸಿಗದಿದ್ದರೆ, ಊಟದ ದಪ್ಪ ಹಾವಿನ ಮೈಯ ಅತಿ ದಪ್ಪ ಜಾಗದ ಒಂದೂವರೆ ಪಟ್ಟು ಮೀರಬಾರದು. ನುಂಗಿದ ಮೇಲೆ 48 ಗಂಟೆ ಎತ್ತಬೇಡಿ.

ಇಂಥ ಮರಿಯ ವಿಷಯದಲ್ಲಿ ಜನ ಮರೆಯುವುದು ತೊಟ್ಟಿಯ ಮುಚ್ಚಳ. ತಲೆ ತೂರುವ ಸಂದಿಯಿದ್ದರೆ ಮೈಯೂ ತೂರುತ್ತದೆ. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೆ ಈಗಲೇ ಮುಚ್ಚಿ, ಕ್ಲಿಪ್ ಹಾಕಿ. ದೊಡ್ಡದಾದ ಮೇಲೆ 120×60 ಸೆಂಟಿಮೀಟರ್ ನೆಲದ ತೊಟ್ಟಿ ಬೇಕು, ಅದರಲ್ಲೂ ಒಂದೇ ಹಾವು. ಒಂದು ಇನ್ನೊಂದನ್ನು ತಿಂದ ಉದಾಹರಣೆಗಳಿವೆ.

ಮಿಷಿಗನ್ ಚಳಿಗಾಲದಲ್ಲಿ ಹೀಟಿಂಗ್ ಓಡಿದರೆ ಮನೆಯ ಗಾಳಿ ಒಣಗುತ್ತದೆ, ಪೊರೆ ಚೂರುಚೂರಾಗಿ ಅಂಟಿಕೊಳ್ಳುತ್ತದೆ. ಶೇ 40ರಿಂದ 60ರಷ್ಟು ತೇವ ಬೇಕು. ಕಣ್ಣು ಮಂಜಾದ ದಿನವೇ ಮುಚ್ಚಳವಿರುವ ಡಬ್ಬಿಗೆ ತೂತು ಕೊರೆದು, ಒದ್ದೆ ಮಾಡಿ ಹಿಂಡಿದ ಸ್ಫ್ಯಾಗ್ನಂ ಪಾಚಿ ತುಂಬಿ ನಡುವೆ ಇಡಿ. ಪೊರೆ ಕಳಚಿದ ಮೇಲೆ ಅದನ್ನು ಬೆಳಕಿಗೆ ಹಿಡಿದು ತಲೆಯ ಭಾಗ ನೋಡಿ: ಕಣ್ಣಿದ್ದ ಜಾಗದಲ್ಲಿ ಪುಟ್ಟ ಲೆನ್ಸಿನಂಥ ಎರಡು ಪಾರದರ್ಶಕ ಬಿಲ್ಲೆ ಇರಬೇಕು. ತೂತಿದ್ದರೆ ಕಣ್ಣಿನ ಪೊರೆ ಉಳಿದಿದೆ. ಉಗುರಿನಿಂದ ಕೀಳಬೇಡಿ, ತೇವದ ಡಬ್ಬಿ ಇನ್ನೆರಡು ದಿನ ಇರಲಿ. ಬಾಲದ ತುದಿಯನ್ನೂ ನೋಡಿ: ಅಲ್ಲಿ ಉಂಗುರದಂತೆ ಉಳಿದ ಪೊರೆ ರಕ್ತ ಸಂಚಾರ ತಡೆಯುತ್ತದೆ, ತುದಿ ಕಪ್ಪಾಗಿ ಉದುರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯ ನಡುವೆ ಹಾವನ್ನು ಹರಿಯಬಿಟ್ಟರೆ ಆ ಪೊರೆ ಸಾಮಾನ್ಯವಾಗಿ ತಾನಾಗೇ ಜಾರಿ ಬರುತ್ತದೆ.