ಹದಿಹರೆಯದ ಮಕ್ಕಳು ಹಲ್ಲು ಕಡಿದರೆ ಮುಖದ ಆಕಾರ ಬದಲಾಗುತ್ತದೆಯೇ? ದಂತವೈದ್ಯೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು, ದಾವಣಗೆರೆ ಪಾಲಕರ ಗುಂಪು: ಮಕ್ಕಳು ನಿದ್ದೆಯಲ್ಲಿ ಹಲ್ಲು ಕಡಿಯುವುದಕ್ಕೂ ಮುಖದ ಆಕಾರಕ್ಕೂ ಇರುವ ಸಂಬಂಧವನ್ನು ಕುರಿತು ನಮ್ಮ ಗುಂಪಿನ ದಂತವೈದ್ಯೆ ಇಂದು ಉತ್ತರಿಸಲಿದ್ದಾರೆ. ಮಗುವಿನ ವಯಸ್ಸನ್ನು ತಪ್ಪದೆ ಬರೆಯಿರಿ.

ವಿದ್ಯಾನಗರದ ತಂದೆ: ನಮಸ್ಕಾರ ಮೇಡಂ. ನನ್ನ ಮಗನಿಗೆ 16 ವರ್ಷ. ರಾತ್ರಿ ಅವನು ಹಲ್ಲು ಕಡಿಯುವ ಸದ್ದು ನಡುಮನೆಯವರೆಗೂ ಕೇಳಿಸುತ್ತದೆ. ಈಚೆಗೆ ಅವನ ಮುಖ ಚೌಕವಾಗಿ ಕಾಣುತ್ತಿದೆ. ದವಡೆಯ ಮೂಳೆ ಬೆಳೆದಿದೆಯೇ?

ವೈದ್ಯೆ: ನಮಸ್ಕಾರ. ಹಲ್ಲು ಕಚ್ಚಲು ಹೇಳಿ, ಕಿವಿಯ ಕೆಳಗೆ ದವಡೆ ತಿರುಗುವ ಜಾಗದಲ್ಲಿ ಬೆರಳಿಟ್ಟು ನೋಡಿ. ಅಲ್ಲಿ ಉಬ್ಬುವುದು ಮ್ಯಾಸೆಟರ್ ಎಂಬ ಅಗಿಯುವ ಸ್ನಾಯು. ಸದಾ ಕಚ್ಚುವವರಲ್ಲಿ ಅದು ದಪ್ಪವಾಗಿ ಮುಖ ಅಗಲವಾಗಿ ಕಾಣಬಹುದು. ಅಭ್ಯಾಸ ಕಡಿಮೆಯಾದರೆ ಸ್ನಾಯುವೂ ಇಳಿಯುತ್ತದೆ. ಈ ವಯಸ್ಸಿನ ಹುಡುಗರ ದವಡೆ ಹೇಗೂ ಬೆಳೆಯುತ್ತಿರುತ್ತದೆ, ಆದ್ದರಿಂದ ನಿಮ್ಮ ಮನೆತನದವರ ಮುಖಗಳನ್ನೂ ಒಮ್ಮೆ ಗಮನಿಸಿ. ಉದ್ದ ಮುಖ, ಅಗಲ ಮುಖ, ನಡುವಿನದು ಎಂದು ಹದಿಹರೆಯದವರನ್ನು ವಿಂಗಡಿಸಿ ನೋಡಿದ ಅಧ್ಯಯನಗಳು ಹಲ್ಲು ಕಡಿಯುವುದಕ್ಕೂ ಮುಖದ ಮಾದರಿಗೂ ಸ್ಥಿರವಾದ ಸಂಬಂಧವನ್ನು ತೋರಿಸಿಲ್ಲ. ಮುಖ ನೋಡಿ ಯಾರು ಹಲ್ಲು ಕಡಿಯುತ್ತಾರೆಂದು ಹೇಳಲಾಗದು.

ಹರಿಹರದ ಸದಸ್ಯೆ: ಇದು ಹೊಟ್ಟೆಯ ಜಂತುಹುಳುವಿನ ಲಕ್ಷಣವೆಂದೂ ಒಂದು ವಾರ ಬೇವಿನ ರಸದಲ್ಲಿ ಹರಳೆಣ್ಣೆ ಬೆರೆಸಿ ಕುಡಿಸಬೇಕೆಂದೂ ಸಂದೇಶ ಬಂದಿದೆ. ಮಗಳಿಗೆ 12 ವರ್ಷ, ಕೊಡಬಹುದೇ?

ವೈದ್ಯೆ: ಕೊಡಬೇಡಿ. ಭೇದಿಯಾಗುತ್ತದೆ, ಹಲ್ಲು ಕಡಿಯುವುದು ನಿಲ್ಲುವುದಿಲ್ಲ. ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ನುಂಗಲಿ, ಆದರೆ ಅದು ಹುಳುವಿಗಾಗಿ.

ನಿಟುವಳ್ಳಿಯ ಸದಸ್ಯ: ನನ್ನ ಮಗ ಬಲಗಡೆ ಮಾತ್ರ ಕಡಿಯುತ್ತಾನೆ, ವಯಸ್ಸು 14. ಮುಖ ಓರೆಯಾಗುತ್ತದೆಯೇ?

ಚನ್ನಗಿರಿಯ ತಾಯಿ: ಮೇಡಂ, ಮಗಳಿಗೆ 13 ವರ್ಷ. ಬಾಯಿ ತೆರೆದು ಮಲಗುತ್ತಾಳೆ, ಗೊರಕೆ ಹೊಡೆಯುತ್ತಾಳೆ, ಹಲ್ಲೂ ಕಡಿಯುತ್ತಾಳೆ. ಬೆಳಿಗ್ಗೆ ತಲೆನೋವು ಎನ್ನುತ್ತಾಳೆ. ತರಗತಿಯಲ್ಲಿ ತೂಕಡಿಸುತ್ತಾಳೆಂದು ಶಿಕ್ಷಕರು ಹೇಳಿ ಕಳುಹಿಸಿದ್ದಾರೆ. ಹಲ್ಲು ಕಡಿದೇ ಮುಖ ಉದ್ದವಾಯಿತೆಂದು ಅತ್ತೆಯವರು ಹೇಳುತ್ತಾರೆ. ಮೊಬೈಲಿನಲ್ಲಿ ಬಂದ ಸಲಹೆಯಂತೆ ರಾತ್ರಿ ತುಟಿಗೆ ಟೇಪು ಹಚ್ಚುತ್ತಿದ್ದೇನೆ.

ವೈದ್ಯೆ: ಅಮ್ಮಾ, ಆ ಟೇಪನ್ನು ಇಂದಿನಿಂದಲೇ ಬಿಟ್ಟುಬಿಡಿ. ಮೂಗಿನಿಂದ ಗಾಳಿ ಸಾಲದೆ ಬಾಯಿಯಿಂದ ಉಸಿರಾಡುತ್ತಿರುವ ಮಗುವಿನ ಬಾಯಿಯನ್ನೂ ಮುಚ್ಚುವುದು ಅಪಾಯಕರ. ಇದನ್ನು ಹಂಚುತ್ತಿರುವವರೆಲ್ಲರೂ ಈ ಸಾಲನ್ನು ಎರಡು ಸಲ ಓದಬೇಕು.

ನಿಮ್ಮ ಮಗಳ ವಿಷಯ ನನ್ನನ್ನು ಕಳವಳಕ್ಕೆ ಈಡುಮಾಡಿದೆ. ಮೂಗಿನ ಹಿಂದಿರುವ ಅಡಿನಾಯ್ಡ್ ಅಥವಾ ಗಂಟಲಿನ ಟಾನ್ಸಿಲ್ ದೊಡ್ಡದಾಗಿದ್ದರೆ ಮಗು ವರ್ಷಗಟ್ಟಲೆ ಬಾಯಿಯಿಂದ ಉಸಿರಾಡುತ್ತದೆ. ನಾಲಿಗೆ ಅಂಗುಳಿಗೆ ತಾಗದೆ ಕೆಳಗೇ ಉಳಿಯುತ್ತದೆ, ಮೇಲ್ದವಡೆ ಕಿರಿದಾಗಿ ಅಂಗುಳು ಎತ್ತರವಾಗುತ್ತದೆ, ಕೆಳದವಡೆ ಕೆಳಕ್ಕೂ ಹಿಂದಕ್ಕೂ ವಾಲುತ್ತಾ ಬೆಳೆದು ಮುಖ ಉದ್ದವಾಗಬಹುದು. ಉಸಿರು ಅಡ್ಡಿಯಾಗಿ ನಿದ್ದೆ ಮತ್ತೆ ಮತ್ತೆ ಕದಡುವ ಮಕ್ಕಳಲ್ಲಿ ಹಲ್ಲು ಕಡಿಯುವುದೂ ಹೆಚ್ಚಾಗಿ ಕಂಡುಬರುತ್ತದೆ. ಅತ್ತೆಯವರು ಕಂಡ ಎರಡೂ ನಿಜವೇ ಇರಬಹುದು, ಆದರೆ ಒಂದು ಇನ್ನೊಂದನ್ನು ಹುಟ್ಟಿಸಿದೆ ಎನ್ನಲಾಗದು. ಎರಡರ ಹಿಂದೆಯೂ ಮುಚ್ಚಿದ ಮೂಗು ಇರುವ ಸಾಧ್ಯತೆಯಿದೆ.

ಅವಳು ಗಾಢವಾಗಿ ಮಲಗಿದಾಗ ಹೊದಿಕೆ ಸರಿಸಿ, ಎದೆ, ಮುಖ ಎರಡೂ ಕಾಣುವಂತೆ ಸದ್ದಿನೊಡನೆ ವಿಡಿಯೊ ಮಾಡಿ. ಉಸಿರು ನಿಂತು ಆಮೇಲೆ ಒಮ್ಮೆಲೇ ಎಳೆದುಕೊಳ್ಳುವುದು ಕಂಡರೆ ತಡಮಾಡಬೇಡಿ. ವಿಡಿಯೊದಲ್ಲಿ ಏನೂ ಕಾಣದಿದ್ದರೂ ಈ ವಾರವೇ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಅಡಿನಾಯ್ಡ್, ಟಾನ್ಸಿಲ್ ತೆಗೆದ ಮೇಲೆ ಕೆಲವು ಮಕ್ಕಳಲ್ಲಿ ಹಲ್ಲು ಕಡಿಯುವುದೂ ತಗ್ಗಿದೆ. ಅಂಗುಳು ಕಿರಿದಾಗಿದ್ದರೆ ಅದನ್ನು ಹಿಗ್ಗಿಸುವ ಸಾಧನಕ್ಕೆ ಈ ವಯಸ್ಸು ಇನ್ನೂ ಅನುಕೂಲಕರ. ಉಸಿರಾಟದ ಪರೀಕ್ಷೆ ಮುಗಿಯುವವರೆಗೆ ಯಾರು ಹೇಳಿದರೂ ನೈಟ್ ಗಾರ್ಡ್ (ಹಲ್ಲು ಸವೆಯದಂತೆ ರಾತ್ರಿ ಹಲ್ಲಿಗೆ ತೊಡಿಸುವ ಕವಚ) ಹಾಕಿಸಬೇಡಿ. ಕೆಲವರಲ್ಲಿ ಅದು ಉಸಿರಿನ ಅಡ್ಡಿಯನ್ನು ಹೆಚ್ಚಿಸಬಹುದು.

ಪಿ.ಜೆ. ಬಡಾವಣೆಯ ವಿದ್ಯಾರ್ಥಿ: ಗಟ್ಟಿ ಗಮ್ ಅಗಿದರೆ ದವಡೆಯ ಗೆರೆ ಸ್ಪಷ್ಟವಾಗುತ್ತದೆಂದು ನಮ್ಮ ಕಾಲೇಜಿನಲ್ಲಿ ಎಲ್ಲರೂ ಅಗಿಯುತ್ತಾರೆ. ಹಾಗಾದರೆ ಹಲ್ಲು ಕಡಿಯುವುದೂ ವ್ಯಾಯಾಮವೇ ಅಲ್ಲವೇ?

ಹೊಳಲ್ಕೆರೆಯ ನಿವೃತ್ತ ಶಿಕ್ಷಕರು: ಇದಕ್ಕೆಲ್ಲ ಮೊಬೈಲೇ ಮೂಲ. ನಮ್ಮ ಕಾಲದಲ್ಲಿ ಯಾವ ಹುಡುಗನೂ ಹಲ್ಲು ಕಡಿಯುತ್ತಿರಲಿಲ್ಲ.

ವಿದ್ಯಾರ್ಥಿ: ನಿಮ್ಮ ಕಾಲದಲ್ಲಿ ಕಡಿಯುತ್ತಿರಲಿಲ್ಲ ಎನ್ನುವುದಕ್ಕೆ ಆಧಾರವೇನು ಸರ್?

ನಿವೃತ್ತ ಶಿಕ್ಷಕರು: ಹಿರಿಯರನ್ನು ಕೇಳುವ ರೀತಿಯೇ ಇದು?

ಜಗಳೂರಿನ ಸದಸ್ಯ: ಮೊಬೈಲನ್ನು ಬಿಡಿ, ನಮ್ಮ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಮಾತನಾಡಿ. ಕಲೆಬಿದ್ದ ಹಲ್ಲುಗಳು ಬೇಗ ಸವೆಯುತ್ತವೆ.

ನಿವೃತ್ತ ಶಿಕ್ಷಕರು: ನೀರಿಗೂ ನಿದ್ದೆಯಲ್ಲಿ ಹಲ್ಲು ಕಡಿಯುವುದಕ್ಕೂ ಏನು ಸಂಬಂಧ? ವಿಷಯಾಂತರ ಬೇಡ.

ವೈದ್ಯೆ: ಜಗಳೂರಿನವರ ಮಾತಿನಲ್ಲಿ ಹುರುಳಿದೆ. ಫ್ಲೋರೈಡ್ ಹಲ್ಲು ಕಡಿಸುವುದಿಲ್ಲ, ಆದರೆ ಅದರಿಂದ ತೀವ್ರವಾಗಿ ಕೆಟ್ಟ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕಡಿತದ ಒತ್ತಡಕ್ಕೆ ಬೇಗ ಸವೆಯುತ್ತದೆ, ಚಕ್ಕೆ ಏಳುತ್ತದೆ. ಅಂಥ ಮಕ್ಕಳನ್ನು ಮೊದಲೇ ತೋರಿಸಿ. ಗಮ್ ಅಗಿಯುವವರಿಗೆ: ಅದರಿಂದ ಸ್ನಾಯು ದಪ್ಪವಾದೀತು, ಮೂಳೆಯ ಗೆರೆ ಮೂಡದು, ಕಿವಿಯ ಮುಂದಿನ ಕೀಲು ನೋಯಲು ತೊಡಗಿದರೆ ಸುಲಭಕ್ಕೆ ಹೋಗದು.

ನಿಟುವಳ್ಳಿಯ ಸದಸ್ಯ: ಬಲಗಡೆಯ ಪ್ರಶ್ನೆಗೆ ಉತ್ತರ ಬಂದಿಲ್ಲ.

ಹೊನ್ನಾಳಿಯ ಸದಸ್ಯೆ: ಜಂತುಹುಳುವಿನಿಂದ ಬರುತ್ತದೆಯೇ ಮೇಡಂ?

ವೈದ್ಯೆ: ಮೇಲೆ ಬರೆದಿದ್ದೇನೆ.

ಹರಿಹರದ ಸದಸ್ಯೆ: ಆದರೂ ನಮ್ಮ ಪಕ್ಕದ ಮನೆಯ ಹುಡುಗನಿಗೆ ಬೇವಿನ ರಸದಿಂದ ಗುಣವಾಯಿತಲ್ಲ?

ವೈದ್ಯೆ: ವಯಸ್ಸಾದಂತೆ ಹಲವು ಮಕ್ಕಳಲ್ಲಿ ಅದು ತಾನಾಗಿಯೇ ತಗ್ಗುತ್ತದೆ. ಆ ಶ್ರೇಯಸ್ಸನ್ನು ರಸಕ್ಕೆ ಕೊಟ್ಟು ಇನ್ನೊಬ್ಬರ ಮಗುವಿಗೆ ಕುಡಿಸಬೇಡಿ. ಇನ್ನು ಮೇಲೆ ಇಂಥ ಸಂದೇಶಗಳಿಗೆ ನಾನು ಉತ್ತರಿಸುವುದಿಲ್ಲ.

ಚಿತ್ರದುರ್ಗದ ತಂದೆ: ಮಗಳಿಗೆ 17. ಖಿನ್ನತೆಯ ಮಾತ್ರೆ ಶುರುವಾದ ಮೇಲೆ ಕಡಿಯುವುದು ಆರಂಭವಾಯಿತು. ನಿಲ್ಲಿಸಲೇ?

ವೈದ್ಯೆ: ನೀವಾಗಿ ನಿಲ್ಲಿಸಬೇಡಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದ ಹೀಗಾಗುವುದುಂಟು. ಯಾವಾಗ ಶುರುವಾಯಿತೆಂದು ಬರೆದುಕೊಂಡು, ಮಾತ್ರೆ ಬರೆದ ವೈದ್ಯರನ್ನೇ ನಾಳೆ ಕಾಣಿ. ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುವ ದಾರಿ ಅವರಿಗೆ ಗೊತ್ತಿರುತ್ತದೆ. ಹಲ್ಲನ್ನು ಆಮೇಲೆ ನಾನು ನೋಡುತ್ತೇನೆ.

ನಿವೃತ್ತ ಶಿಕ್ಷಕರು: ಮೊಬೈಲಿನ ಬಗ್ಗೆ ಮೇಡಂ ಒಂದು ಮಾತನ್ನೂ ಹೇಳಲಿಲ್ಲ.

ವಿದ್ಯಾರ್ಥಿ: ಹೇಳಲು ಆಧಾರ ಬೇಕು ಸರ್.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಮೇಡಂ ರೋಗಿಗಳನ್ನು ನೋಡಲು ಹೋಗಿದ್ದಾರೆ.

ನಿಟುವಳ್ಳಿಯ ಸದಸ್ಯ: ಎರಡು ಸಲ ಕೇಳಿದರೂ ನನ್ನ ಪ್ರಶ್ನೆಯನ್ನು ಯಾರೂ ಗಮನಿಸಲಿಲ್ಲ.