ಅಪೊಫಿಲೈಟ್–ಸ್ಟಿಲ್ಬೈಟ್ ಮೇಲಿನ ತುಕ್ಕಿನ ಕಲೆ ತೆಗೆಯುವುದು ಹೇಗೆ? ಕವನ್ಸೈಟ್ ಅಂಟಿಸಿದ್ದಾ?

ಹರಳುಪ್ರಿಯ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನನ್ನ ಸಂಗ್ರಹದ ಎರಡು ಖನಿಜ ಹರಳಿನ ಕಲ್ಲುಗಳ (ಸ್ಪೆಸಿಮೆನ್) ಬಗ್ಗೆ ತಿಳಿದವರ ಸಲಹೆ ಬೇಕು.

ಒಂದು: ತಿಳಿಹಸಿರು ಅಪೊಫಿಲೈಟ್, ಪೀಚ್ ಬಣ್ಣದ ಸ್ಟಿಲ್ಬೈಟ್ ಮೇಲೆ. ಉದ್ದ 14 ಸೆಂ.ಮೀ. ಅಪೊಫಿಲೈಟ್ ಹರಳು ಐದಾರಿವೆ, ದೊಡ್ಡದು 3 ಸೆಂ.ಮೀ. ಪಕ್ಕದಲ್ಲೊಂದು ಜೇನು ಬಣ್ಣದ ಕ್ಯಾಲ್ಸೈಟ್. ಸ್ಟಿಲ್ಬೈಟ್ ಸಂದುಗಳಲ್ಲಿ ಕಿತ್ತಳೆ-ಕಂದು ಕಲೆ, ಅಲ್ಲಲ್ಲಿ ಮಣ್ಣು. ಟಾಯ್ಲೆಟ್ ಕ್ಲೀನರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಹೋಗುತ್ತದೆ ಎಂದು ಮಾರಿದವರು ಹೇಳಿದ್ದಾರೆ. ಆಕ್ಸಾಲಿಕ್ ಆ್ಯಸಿಡ್ ಹಾಕಿ ಎಂದು ಇನ್ನೊಬ್ಬರ ಸಲಹೆ. ಯಾವುದು ಸರಿ? ಲೇಬಲ್ ಮೇಲೆ ಸಿಕ್ಕ ಊರು ‘ಜಳಗಾಂವ್’ ಎಂದಷ್ಟೇ ಇದೆ.

ಎರಡು: 6 ಸೆಂ.ಮೀ. ಸ್ಟಿಲ್ಬೈಟ್ ಮೇಲೆ ಕಡಲೆಕಾಳಿನಷ್ಟು ದಪ್ಪದ ಒಂದೇ ಒಂದು ನೀಲಿ ಕವನ್ಸೈಟ್ (ಇದೂ ಒಂದು ಖನಿಜ) ಗುಂಡು, ಸರಿಯಾಗಿ ನಡುಮಧ್ಯೆ ಕೂತಿದೆ. ಅಂಟಿಸಿರಬಹುದು ಎಂಬ ಅನುಮಾನ. ಹಾಳು ಮಾಡದೆ ಪರೀಕ್ಷಿಸುವುದು ಹೇಗೆ?

ಕರಿಕಲ್ಲು

ಟಾಯ್ಲೆಟ್ ಕ್ಲೀನರ್ ಹತ್ತಿರವೂ ಒಯ್ಯಬೇಡಿ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆ್ಯಸಿಡ್. ಕ್ಯಾಲ್ಸೈಟ್ ನೊರೆಯೆದ್ದು ಕರಗುವುದು ಕಣ್ಣಿಗೆ ಕಾಣುತ್ತದೆ, ಅದಕ್ಕಿಂತ ದೊಡ್ಡ ನಷ್ಟ ಕಾಣದಂತೆ ಆಗುತ್ತದೆ. ಸ್ಟಿಲ್ಬೈಟ್, ಅದರ ಬಳಗದ ಹ್ಯೂಲಂಡೈಟ್, ಅಪೊಫಿಲೈಟ್ ಎಲ್ಲದರಲ್ಲೂ ಕ್ಯಾಲ್ಸಿಯಂ ಇದೆ. ಆ್ಯಸಿಡ್ ಅದನ್ನು ಎಳೆದುಕೊಂಡ ಮೇಲೆ ಮೈಮೇಲೆ ಬರೀ ಸಿಲಿಕಾ ಉಳಿಯುತ್ತದೆ. ಸ್ಟಿಲ್ಬೈಟಿನ ಮುತ್ತಿನ ಹೊಳಪು ಸತ್ತು ಸುಣ್ಣ ಬಳಿದಂತಾಗುತ್ತದೆ. ಆ ಹೊಳಪನ್ನು ಮರಳಿ ತರುವ ಉಪಾಯ ಯಾರ ಬಳಿಯೂ ಇಲ್ಲ. ಆಕ್ಸಾಲಿಕ್ ಆ್ಯಸಿಡ್ ಬೆಣಚುಕಲ್ಲಿನ ಹರಳಿಗೆ ಒಳ್ಳೆಯದು. ಕ್ಯಾಲ್ಸಿಯಂ ಇರುವ ಖನಿಜಕ್ಕೆ ತಗುಲಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಆಗಿ ಬಿಳಿ ಪೊರೆ ಕೂರುತ್ತದೆ, ನೀರಿನಲ್ಲಿ ಕರಗುವುದಿಲ್ಲ.

ಮೊದಲು ಕಲೆ ಯಾವುದೆಂದು ನೋಡಿ. ಒದ್ದೆ ಕಿವಿಕಡ್ಡಿಯಲ್ಲಿ ತೀಡಿದಾಗ ಬಂದರೆ ಬರೀ ಮಣ್ಣು. ಬಾರದೆ ಕಂದಾಗಿಯೇ ಉಳಿದರೆ ಕಬ್ಬಿಣದ ತುಕ್ಕು. ಹರಳುಗಳ ಬುಡದಲ್ಲಿ, ಬಸಾಲ್ಟಿಗೆ ತಾಗಿದಲ್ಲಿ ಮಾಸಲು ಹಸಿರು ಪದರ ಕಂಡರೆ ಅದು ಸೆಲಡೊನೈಟ್, ಪೊಟರೆಯ (ಬಸಾಲ್ಟ್ ಬಂಡೆಯೊಳಗಿನ ಟೊಳ್ಳಿನ) ಗೋಡೆಗೆ ತಾನೇ ಕೂತ ಖನಿಜ. ಅದನ್ನು ಉಜ್ಜಿ ತೆಗೆಯುವವರಿದ್ದಾರೆ, ದಯವಿಟ್ಟು ತೆಗೆಯಬೇಡಿ.

ಮಣ್ಣಿಗೆ: ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ (ಬ್ಯಾಟರಿಗೆ ಹಾಕುವುದೇ ಸಾಕು) ಪಾತ್ರೆ ತೊಳೆಯುವ ದ್ರವ ಮೂರ್ನಾಲ್ಕು ಹನಿ. ರಾತ್ರಿಯಿಡೀ ನೆನೆಸಿ, ಗಿಡಗಳಿಗೆ ಔಷಧಿ ಹೊಡೆಯುವ ಕೈಪಂಪಿನ ಸ್ಪ್ರೇಯರಿನಿಂದ ಸಂದುಗಳಿಗೆ ನೀರು ಬಿಡಿ. ಗಟ್ಟಿ ಮಣ್ಣಿಗೆ ಬಿದಿರಿನ ಕಡ್ಡಿ. ಸೂಜಿ, ಬ್ಲೇಡು, ತಂತಿ ಬ್ರಷ್ ಬೇಡ. ಸ್ಟಿಲ್ಬೈಟಿನ ಗಡಸುತನ ಮೋಸ್ ಅಳತೆಯಲ್ಲಿ 3.5ರಿಂದ 4, ಉಕ್ಕು ಸಲೀಸಾಗಿ ಗೀರುತ್ತದೆ. ಬೋರ್‌ವೆಲ್ ನೀರಿನಲ್ಲಿ ಕೊನೆಯ ತೊಳೆತ ಮಾಡಿದರೆ ಒಣಗಿದಾಗ ಬಿಳಿ ಉಪ್ಪಿನ ಚುಕ್ಕೆ ಬೀಳುತ್ತವೆ. ಬಿಸಿನೀರು ಬೇಡವೇ ಬೇಡ. ಅಪೊಫಿಲೈಟ್ ಒಂದೇ ದಿಕ್ಕಿನಲ್ಲಿ, ಹರಳಿನ ಉದ್ದಕ್ಕೆ ಅಡ್ಡಲಾಗಿ, ಬಹಳ ಸುಲಭವಾಗಿ ಸೀಳುವ ಹರಳು. ತಾಪಮಾನ ಥಟ್ಟನೆ ಬದಲಾದರೂ ಒಳಗೆ ಬೆಳ್ಳಿ ಬಣ್ಣದ ಬಿರುಕು ಹುಟ್ಟುತ್ತದೆ. ಕನ್ನಡಕದ ಅಂಗಡಿಗಳಲ್ಲಿರುವ ಅಲ್ಟ್ರಾಸಾನಿಕ್ ಯಂತ್ರವೂ ಇದೇ ಕಾರಣಕ್ಕೆ ನಿಷಿದ್ಧ.

ತುಕ್ಕಿಗೆ ವಾಲರ್ ದ್ರಾವಣ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಸಿಟ್ರೇಟ್ 71 ಗ್ರಾಂ, ಅಡುಗೆ ಸೋಡಾ 8.5 ಗ್ರಾಂ. ಇವೆರಡನ್ನು ಕರಗಿಸಿಟ್ಟುಕೊಳ್ಳಬಹುದು, ಕೆಡುವುದಿಲ್ಲ. ಬಳಸುವ ಹೊತ್ತಿಗೆ ಮಾತ್ರ ಸೋಡಿಯಂ ಡೈಥಯೊನೈಟ್ 20 ಗ್ರಾಂ ಸೇರಿಸಿ. ಡೈಥಯೊನೈಟ್ ತುಕ್ಕಿನ ಕಬ್ಬಿಣವನ್ನು ಕರಗುವ ರೂಪಕ್ಕೆ ಇಳಿಸುತ್ತದೆ, ಸಿಟ್ರೇಟ್ ಅದನ್ನು ಹಿಡಿದುಕೊಳ್ಳುತ್ತದೆ, ಸೋಡಾ ದ್ರಾವಣ ಹುಳಿಯಾಗದಂತೆ ತಡೆಯುತ್ತದೆ. ಸೋಡಾ ಬಿಟ್ಟರೆ ಅಥವಾ ಸಿಟ್ರೇಟ್ ಕಡಿಮೆ ಮಾಡಿದರೆ ಕಬ್ಬಿಣ ಗಂಧಕದೊಂದಿಗೆ ಸೇರಿ ಕಪ್ಪು ಕಲೆಯಾಗುತ್ತದೆ, ಅದು ಮೊದಲಿನ ಕಂದು ಕಲೆಗಿಂತ ಕೆಟ್ಟದ್ದು. ನಿಮ್ಮ ಕಲ್ಲು ಮುಳುಗಲು ಎರಡು ಲೀಟರ್ ಬೇಕಾದೀತು, ಎಲ್ಲವನ್ನೂ ಇಮ್ಮಡಿ ಮಾಡಿಕೊಳ್ಳಿ.

ಕ್ರಮವೂ ಮುಖ್ಯ. ಮೊದಲು ಕಲ್ಲನ್ನು ಬರೀ ನೀರಿನಲ್ಲಿ ಕೆಲವು ಗಂಟೆ ನೆನೆಸಿಡಿ. ರಂಧ್ರಗಳಲ್ಲಿ ನೀರು ತುಂಬಿಕೊಂಡಿದ್ದರೆ ಕರಗಿದ ಕಬ್ಬಿಣ ಒಳಗಿಳಿಯುವುದಿಲ್ಲ. ಆಮೇಲೆ ಮುಚ್ಚಳ ಗಟ್ಟಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಂಠಮಟ್ಟ ದ್ರಾವಣ ತುಂಬಿ ಕಲ್ಲು ಇಳಿಸಿ. ಮೇಲೆ ಗಾಳಿ ಉಳಿದಷ್ಟೂ ಡೈಥಯೊನೈಟ್ ಬೇಗ ಸಾಯುತ್ತದೆ. 12 ಗಂಟೆ ಬಿಟ್ಟು ತೆಗೆದು ನೋಡಿ. ದ್ರಾವಣ ಹಳದಿಯಾಗಿ ಕಲೆ ಉಳಿದಿದ್ದರೆ ಹೊಸದು ಹಾಕಿ. ನಂತರ ಡಿಸ್ಟಿಲ್ಡ್ ನೀರು ಬದಲಿಸುತ್ತಾ, ದ್ರಾವಣದಲ್ಲಿ ಎಷ್ಟು ಹೊತ್ತು ಇತ್ತೋ ಅದರ ಎರಡರಷ್ಟು ಹೊತ್ತು ನೆನೆಸಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ತಿಂಗಳ ಮೇಲೆ ಹರಳಿನ ಸಂದಿಯಿಂದ ಬಿಳಿ ಪುಡಿ ಹೊರಬರುತ್ತದೆ. ದ್ರಾವಣ ತಟಸ್ಥಕ್ಕೆ ಹತ್ತಿರವಿರುವುದರಿಂದ ಕ್ಯಾಲ್ಸೈಟ್ ತಡೆದುಕೊಳ್ಳುತ್ತದೆ, ಆದರೆ ಸಿಟ್ರೇಟ್ ಕ್ಯಾಲ್ಸಿಯಮನ್ನೂ ಮೆಲ್ಲಗೆ ಹಿಡಿಯುವುದರಿಂದ ದಿನಗಟ್ಟಲೆ ಬಿಡಬೇಡಿ.

ಧಾರವಾಡದ ಕಲ್ಲು

ಕರಿಕಲ್ಲು ಸರ್ ಹೇಳಿದ್ದು ಖರೆ ಐತಿ. ಡೈಥಯೊನೈಟ್ ಅಂತ ಕೇಳಿದ್ರ ಅಂಗಡಿಯವ್ರಿಗೆ ತಿಳಿಯೂದಿಲ್ಲ, ‘ಹೈಡ್ರೋಸ್’ ಅಂತ ಕೇಳ್ರಿ. ನೂಲಿಗೆ ಬಣ್ಣ ಹಾಕೋರು ವಾಪರಸೂದು ಇದನ್ನ, ಬಣ್ಣದ ಅಂಗಡ್ಯಾಗ ಸಿಗತೈತಿ. ಸಣ್ಣ ಪ್ಯಾಕೆಟ್ ತಗೋರಿ, ಒಡದಿಟ್ಟ ಪುಡಿ ಬಾಳ ದಿನ ತಾಳೂದಿಲ್ಲ. ಉದುರುದುರಾಗಿ ಬೆಳ್ಳಗಿದ್ರ ಛಲೋ ಮಾಲು. ಗಂಟು ಕಟ್ಟಿ ಘಾಟು ಹೊಡಿಯಾಕತ್ತಿದ್ರ ಬಿಟ್ಟಬಿಡ್ರಿ.

ಹುಷಾರಿ ಏನಂದ್ರ, ಈ ಪುಡಿ ಹಸಿ ಆದ್ರ ತಾನ ಕಾಯತೈತಿ, ಬೆಂಕಿನೂ ಹತ್ತತೈತಿ. ಅದಕ್ಕ ನೀರಿಗೆ ಪುಡಿ ಹಾಕ್ರಿ, ಪುಡಿಗೆ ನೀರು ಹಾಕಬ್ಯಾಡ್ರಿ. ಒದ್ದಿ ಚಮಚಾ ಡಬ್ಬ್ಯಾಗ ಹಾಕಬ್ಯಾಡ್ರಿ. ಹಿತ್ತಲದಾಗ ಇಲ್ಲಾ ಕಿಟಕಿ ತೆರದು ಮಾಡ್ರಿ, ಗಂಧಕದ ಘಾಟು ಎದಿಗೆ ಹತ್ತತೈತಿ, ಉಬ್ಬಸ ಇದ್ದೋರು ದೂರ ಇರಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಚಸ್ಮಾ. ಆ್ಯಸಿಡ್ ಕೂಡ ಮಾತ್ರ ಎಂದೂ ಸೇರಸಬ್ಯಾಡ್ರಿ. ಮುಗದ ದ್ರಾವಣ ಬಕೀಟ್‌ನ್ಯಾಗ ಒಂದೆರಡು ದಿನ ತೆರದಿಟ್ಟು, ಬಾಳಷ್ಟು ನೀರು ಕೂಡಿಸಿ ಚೆಲ್ರಿ.

ಸೀಳುಮುಖ

ತೊಳೆಯುವ ಮೊದಲು ಅಪೊಫಿಲೈಟ್ ತುದಿಗಳನ್ನು ಹತ್ತು ಪಟ್ಟು ಲೂಪಿನಲ್ಲಿ (ಪುಟ್ಟ ಭೂತಗನ್ನಡಿ) ನೋಡಿ. ತುದಿಯೇ ಈ ಹರಳಿನ ಬೆಲೆ. ಒಳ್ಳೆಯ ತುದಿ ನಾಲ್ಕು ಮುಖದ ಗೋಪುರವಾಗಿ ಚೂಪಾಗಿರುತ್ತದೆ, ಅಥವಾ ಚಪ್ಪಟೆ ತಲೆಯಿರುತ್ತದೆ. ಚಪ್ಪಟೆ ಇದ್ದರೆ ಸ್ವಾಭಾವಿಕವೋ ಒಡೆದದ್ದೋ ಎಂದು ಕೇಳಿಕೊಳ್ಳಬೇಕು. ಸ್ವಾಭಾವಿಕ ತಲೆ ಸಾಮಾನ್ಯವಾಗಿ ಸ್ವಲ್ಪ ಮಂದ, ಸಣ್ಣ ಗುಳಿ ಅಥವಾ ಬೆಳವಣಿಗೆಯ ಗೆರೆ ಇರುತ್ತವೆ. ಸೀಳಿದ್ದಾದರೆ ಕನ್ನಡಿಯಂತೆ ನುಣುಪು, ಮುತ್ತಿನ ಹೊಳಪು, ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಪದರ. ಒಡೆದ ತುದಿಯನ್ನು ಉಜ್ಜಿ ಗೋಪುರ ಮಾಡಿ ಮಾರುವುದೂ ಇದೆ. ಆಗ ಮುಖಗಳ ಮೇಲೆ ಒಂದೇ ದಿಕ್ಕಿನ ಸಣ್ಣ ಗೀರುಗಳು, ಗುಂಡಗಾದ ಅಂಚುಗಳು ಕಾಣುತ್ತವೆ. ಪಕ್ಕದ ಹರಳಿನ ಗೋಪುರದ ಕೋನದೊಂದಿಗೆ ಹೋಲಿಸಿ. ಒಂದೇ ಖನಿಜದಲ್ಲಿ ಒಂದೇ ಬಗೆಯ ಮುಖಗಳ ನಡುವಿನ ಕೋನ ಬದಲಾಗುವುದಿಲ್ಲ, ಉಜ್ಜುವ ಕೈಗೆ ಆ ಕೋನ ಹಿಡಿಯುವುದು ಕಷ್ಟ.

ಕವನ್ಸೈಟ್ ವಿಷಯ. ಪುಣೆ ಬಳಿಯ ವಾಘೋಲಿ ಕ್ವಾರಿಗಳ ನೀಲಿ ಗುಂಡು ಜಗತ್ತಿಗೆಲ್ಲ ಬೇಕಾದ್ದರಿಂದ ಉದುರಿದ ಗುಂಡುಗಳನ್ನು ಸ್ಟಿಲ್ಬೈಟಿಗೆ ಅಂಟಿಸುವ ಕೆಲಸ ನಡೆಯುತ್ತದೆ. ನಡುಮಧ್ಯೆ ಕೂತಿರುವುದು ಅನುಮಾನಕ್ಕೆ ಕಾರಣವೇ, ಪುರಾವೆಯಲ್ಲ. ಲೂಪಿನಲ್ಲಿ ಬುಡವನ್ನು ಸುತ್ತಲೂ ನೋಡಿ. ತಾನೇ ಬೆಳೆದದ್ದಾದರೆ ನೀಲಿ ಕಡ್ಡಿಗಳು ಒಂದು ಬಿಂದುವಿನಿಂದ ಹರಡಿ ತಳದ ಹರಳುಗಳ ಮೇಲೆ ನೇರವಾಗಿ ಕೂತಿರುತ್ತವೆ, ಕೆಲವೆಡೆ ಪುಟ್ಟ ಸ್ಟಿಲ್ಬೈಟ್ ನೀಲಿಯನ್ನು ಅಪ್ಪಿ ಬೆಳೆದಿರುತ್ತದೆ. ಅಂಟಿಸಿದ್ದಾದರೆ ಬುಡದಲ್ಲಿ ಹೊಳೆಯುವ ಉಂಗುರ, ಗಾಳಿಗುಳ್ಳೆ, ಅಂಟು ಮುಚ್ಚಲು ಉದುರಿಸಿದ ಕಲ್ಲಿನ ಪುಡಿ. ನಂತರ ಕತ್ತಲೆಯಲ್ಲಿ 365 ನ್ಯಾನೊಮೀಟರ್ ಯುವಿ ಟಾರ್ಚ್ ಬಿಡಿ. ಅನೇಕ ಅಂಟುಗಳು ನೀಲಿ-ಬಿಳಿಯಾಗಿ ಬೆಳಗುತ್ತವೆ. ಕ್ಯಾಲ್ಸೈಟ್ ಕೂಡ ಬೆಳಗಬಲ್ಲದು, ಹಾಗಾಗಿ ಬೆಳಕಿಗಿಂತ ಅದರ ಆಕಾರ ನೋಡಿ: ಬುಡದ ಸುತ್ತ ದಾರದಂತೆ ಬಂದರೆ ಅಂಟು. ಕೊನೆಗೆ ಹಲ್ಲುಕಡ್ಡಿಯ ತುದಿಗೆ ಸ್ವಲ್ಪ ಹತ್ತಿ ಸುತ್ತಿ, ಶುದ್ಧ ಅಸಿಟೋನಿನಲ್ಲಿ ಅದ್ದಿ ಬುಡಕ್ಕೆ ತಾಗಿಸಿ. ಫೆವಿಕ್ವಿಕ್ ಜಾತಿಯ ಅಂಟಾದರೆ ಮೆತ್ತಗಾಗಿ ಹತ್ತಿಗೆ ಹತ್ತುತ್ತದೆ. ಎಪಾಕ್ಸಿ ಇಷ್ಟಕ್ಕೆ ಜಗ್ಗುವುದಿಲ್ಲ, ಆದ್ದರಿಂದ ಅಸಿಟೋನಿಗೆ ಏನೂ ಆಗಲಿಲ್ಲ ಎಂದರೆ ಪಾಸಾಯಿತು ಎಂದಲ್ಲ.

ಅದೇ ಜಾಗದಲ್ಲಿ ಉದುರಿದ್ದನ್ನು ಅಲ್ಲೇ ಅಂಟಿಸಿ, ‘ರಿಪೇರಿ ಆಗಿದೆ’ ಎಂದು ಹೇಳಿ ಮಾರಿದರೆ ತಪ್ಪಿಲ್ಲ. ಬೇರೆ ಕಲ್ಲಿನದನ್ನು ತಂದು ಅಂಟಿಸಿ ಸುಮ್ಮನಿರುವುದು ಮೋಸ.

ಹರಳುಪ್ರಿಯ, ಬೆಳಗಾವಿ

ಎಲ್ಲರಿಗೂ ಧನ್ಯವಾದ. ಲೂಪ್ ಹಿಡಿದು ನೋಡಿದಾಗ ಮೊದಲ ಕಲ್ಲಿನ ಒಂದು ಮೂಲೆಯ ಪೊಟರೆಯಲ್ಲಿ ಕೂದಲಿನಂಥ ಬಿಳಿ ಸೂಜಿಗಳ ಗುಚ್ಛ ಇದೆ. ದ್ರಾವಣದಲ್ಲಿ ಮುಳುಗಿಸಬಹುದೇ? ಮತ್ತೆ ‘ಜಳಗಾಂವ್’ ಲೇಬಲ್ ನಂಬಬಹುದೇ?

ಕರಿಕಲ್ಲು

ಹಾಗಾದರೆ ಮುಳುಗಿಸುವ ಯೋಚನೆ ಬಿಡಿ. ಕೂದಲಿನಷ್ಟು ತೆಳುವಿದ್ದರೆ ಮೆಸೊಲೈಟ್ ಇರಬಹುದು, ಕಡ್ಡಿಯಷ್ಟು ದಪ್ಪವಿದ್ದರೆ ಸ್ಕೊಲೆಸೈಟ್. ತೆಳು ಸೂಜಿಗಳು ಒದ್ದೆಯಾದರೆ ಒಣಗುವಾಗ ನೀರಿನ ಸೆಳೆತಕ್ಕೆ ಒಂದಕ್ಕೊಂದು ಅಂಟಿ ಜಡೆಗಟ್ಟುತ್ತವೆ, ಮತ್ತೆ ಬಿಡಿಸಲಾಗದು. ಓಕೆನೈಟ್ ಎಂಬ ಖನಿಜದ ಹತ್ತಿಯಂಥ ಉಂಡೆಗಳಿಗೂ ಇದೇ ನಿಯಮ, ಅವಕ್ಕೆ ಬೆರಳೂ ತಾಗಬಾರದು. (ಗುಲಾಬಿ, ನೀಲಿ ಓಕೆನೈಟ್ ಕಂಡರೆ ಬಣ್ಣ ಹಾಕಿದ್ದು ಎಂದೇ ತಿಳಿಯಿರಿ.)

ನಿಮ್ಮ ಕಲ್ಲಿಗೆ ಹೀಗೆ ಮಾಡಿ: ಸೂಜಿಗಳಿರುವ ಮೂಲೆ ಮೇಲೆ ಬರುವಂತೆ ಓರೆಯಾಗಿ ಆನಿಸಿಟ್ಟು, ಕಲೆಯ ಭಾಗಕ್ಕೆ ಮಾತ್ರ ದ್ರಾವಣದಲ್ಲಿ ಅದ್ದಿದ ಹತ್ತಿ ಇಟ್ಟು, ಗಾಳಿಯಾಡದಂತೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ. ಗಂಟೆಗೊಮ್ಮೆ ಹತ್ತಿ ಬದಲಿಸಿ. ನಿಧಾನದ ಕೆಲಸ, ಆದರೆ ಸೂಜಿಗಳು ಉಳಿಯುತ್ತವೆ. ಸೂಜಿಗಳ ಧೂಳಿಗೆ ಕ್ಯಾಮೆರಾ ಲೆನ್ಸಿನ ರಬ್ಬರ್ ಬ್ಲೋವರ್ ಸಾಕು, ಒಂದಡಿ ದೂರದಿಂದ. ಬಿಸಿಲಿಗಿಟ್ಟು ಒಣಗಿಸಬೇಡಿ, ನೆರಳಲ್ಲಿ ಫ್ಯಾನ್ ಗಾಳಿ ಸಾಕು.

ಬಸಾಲ್ಟ್ ಪೊಟರೆ

ಲೇಬಲ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಕಲೆಗಿಂತ ದೊಡ್ಡ ಸಮಸ್ಯೆ ಅದೇ. ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಮಹಾರಾಷ್ಟ್ರದ ಬಹುಭಾಗ ಹಬ್ಬಿ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ತನಕ ಬಂದಿದೆ. ಎಲ್ಲಿ ಕ್ರಷರ್ ಕ್ವಾರಿ ಅಥವಾ ಬಾವಿ ತೋಡಿದರೂ ಪೊಟರೆ ಸಿಗಬಹುದು. ವ್ಯಾಪಾರದಲ್ಲಿ ಅದೆಲ್ಲ ‘ಜಳಗಾಂವ್’, ‘ಪೂನಾ’, ‘ನಾಸಿಕ್’ ಎಂಬ ಮೂರು ಹೆಸರಿಗೆ ಇಳಿದುಬಿಡುತ್ತದೆ. 2001ರಲ್ಲಿ ರಾಹುರಿ ಬಳಿಯ ಮೋಮಿನ್ ಆಖಾಡಾದ ಬಾವಿಯಲ್ಲಿ ಸಿಕ್ಕ ಕಡುಹಸಿರು ಅಪೊಫಿಲೈಟ್ ಇಂದಿಗೂ ಆ ಊರಿನ ಹೆಸರಿನಿಂದಲೇ ಬೆಲೆ ಪಡೆಯುತ್ತದೆ, ಊರು ಬರೆದಿಟ್ಟುಕೊಂಡವರಿದ್ದರು ಎಂಬ ಕಾರಣಕ್ಕೆ.

ಮಾರಿದವರನ್ನು ಈಗಲೇ ಕೇಳಿ: ಕ್ವಾರಿಯೋ ಬಾವಿಯೋ, ಯಾವ ಊರು, ಯಾವ ತಾಲ್ಲೂಕು, ಯಾವ ವರ್ಷ ಹೊರಬಂತು. ಅವರು ಹೇಳಿದ್ದನ್ನು ‘ಮಾರಾಟಗಾರರ ಹೇಳಿಕೆ’ ಎಂದೇ ಹೊಸ ಚೀಟಿಯಲ್ಲಿ ಬರೆಯಿರಿ. ಹಳೆಯ ಚೀಟಿ ಎಷ್ಟೇ ಹರಿದಿರಲಿ, ತಪ್ಪಿರಲಿ, ಎಸೆಯಬೇಡಿ, ತಿದ್ದಬೇಡಿ. ಅಹ್ಮದ್‌ನಗರ ಈಗ ಅಹಿಲ್ಯಾನಗರ, ಔರಂಗಾಬಾದ್ ಈಗ ಛತ್ರಪತಿ ಸಂಭಾಜಿನಗರ. ಹೊಸ ಹೆಸರು ಹೊಸ ಚೀಟಿಗೆ ಹೋಗಲಿ.

ಚೀಟಿ ಕಲ್ಲಿನಿಂದ ದೂರವಾಗುವುದು ಸಾಮಾನ್ಯ, ಅದಕ್ಕೆ ಕಲ್ಲಿಗೇ ಸಂಖ್ಯೆ ಬೇಕು. ಹಿಂಬದಿಯಲ್ಲಿ, ಹರಳಿಲ್ಲದ ಬಸಾಲ್ಟ್ ಮೇಲೆ, ಉಗುರಿನಷ್ಟು ಜಾಗಕ್ಕೆ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 (ಪಾರದರ್ಶಕ ಅಕ್ರಿಲಿಕ್ ರಾಳ) ಒಂದು ಪದರ ಬಳಿಯಿರಿ. ಒಣಗಿದ ಮೇಲೆ ಇಂಡಿಯನ್ ಇಂಕಿನಲ್ಲಿ ಸಂಖ್ಯೆ, ಅದರ ಮೇಲೆ ಇನ್ನೊಂದು ಪದರ. ಬೇಡವಾದರೆ ಅಸಿಟೋನಿನಲ್ಲಿ ಒರೆಸಿದರೆ ಹೋಗುತ್ತದೆ. ನೇಲ್ ಪಾಲಿಶ್ ಹಳದಿಯಾಗಿ ಚಕ್ಕೆ ಏಳುತ್ತದೆ, ಬೇಡ. ಯಾವ ದ್ರಾವಣ ಬಳಸಿದಿರಿ, ಎಲ್ಲಿ ಅಂಟು ಇದೆ ಎಂಬುದೂ ಅದೇ ಸಂಖ್ಯೆಯಡಿ ಪುಸ್ತಕದಲ್ಲಿರಲಿ.

ಇಡುವ ಜಾಗ: ಗಾಜಿನ ಬಾಗಿಲಿನ ಸ್ಟೀಲ್ ಕಪಾಟು ಉತ್ತಮ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯಿಂದ ಹೊರಡುವ ಆಮ್ಲದ ಆವಿ ಕ್ಯಾಲ್ಸೈಟನ್ನು ಮಸುಕಾಗಿಸುತ್ತದೆ. ದೀಪ ಎಲ್‌ಇಡಿ ಇರಲಿ, ಹ್ಯಾಲೊಜನ್ ಬಿಸಿ ಅಪೊಫಿಲೈಟಿಗೆ ಆಗದು. ಚಿತ್ರದುರ್ಗ ಬಳಿಯ ಇಂಗಳದಾಳಿನ ಪೈರೈಟ್ ಇತ್ಯಾದಿ ಇದ್ದರೆ ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತೇವಕ್ಕೆ ಅದು ಕೊಳೆತು ಗಂಧಕಾಮ್ಲ ಬಿಡುತ್ತದೆ.

ಹರಳುಪ್ರಿಯ, ಬೆಳಗಾವಿ

ಮಾರಿದವರಿಗೆ ಪತ್ರ ಹಾಕಿದೆ. ಸಂಖ್ಯೆ ತೊಳೆಯುವ ಮೊದಲು ಬರೆಯಬೇಕೇ, ಆಮೇಲೇ?

ಬಸಾಲ್ಟ್ ಪೊಟರೆ

ಆಮೇಲೆ, ಕಲ್ಲು ಪೂರ್ತಿ ಒಣಗಿ ಒಂದು ವಾರವಾದ ನಂತರ. ತೇವ ಉಳಿದಿದ್ದರೆ ಬಿ-72 ಬಿಳಿಚಿಕೊಳ್ಳುತ್ತದೆ, ಹಿಡಿಯುವುದೂ ಇಲ್ಲ. ಅಲ್ಲಿಯವರೆಗೆ ಚೀಟಿಯನ್ನು ಜಿಪ್ ಚೀಲದಲ್ಲಿ ಹಾಕಿ ಅದೇ ಡಬ್ಬಿಯ ಮುಚ್ಚಳಕ್ಕೆ ಟೇಪ್ ಹಚ್ಚಿ. ತೊಳೆಯುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ, ಅಳತೆಗೆ ಪಕ್ಕದಲ್ಲೊಂದು ಸ್ಕೇಲ್ ಇರಲಿ.