ವಿಂಡೋಸ್ ಲೋಗೋ ಬಂದ ತಕ್ಷಣ ಪಿಸಿ ರೀಸ್ಟಾರ್ಟ್ ಆಗ್ತಿದೆ, ಫಾರ್ಮ್ಯಾಟ್ ಹೊಡೀಲೇಬೇಕಾ?

ಮಲ್ನಾಡ್_ಪಿಸಿ:
ಎಲ್ರಿಗೂ ನಮಸ್ಕಾರ. ಮನೇಲಿರೋದು ಅಸೆಂಬಲ್ಡ್ ಸಿಸ್ಟಮ್, ಐ5 8ನೇ ಜನರೇಶನ್, 8 ಜಿಬಿ ರ‍್ಯಾಮ್, ವಿಂಡೋಸ್ 10, ಜೊತೆಗೊಂದು ಹಳೇ ಗ್ರಾಫಿಕ್ಸ್ ಕಾರ್ಡ್. ಆನ್ ಮಾಡಿದ್ರೆ ಮದರ್‌ಬೋರ್ಡ್ ಲೋಗೋ ಬರತ್ತೆ, ಆಮೇಲೆ ವಿಂಡೋಸ್ ಲೋಗೋ, ಕೆಳಗಡೆ ಚುಕ್ಕಿ ತಿರುಗೋಕೆ ಶುರುವಾಗಿ ಇನ್ನೇನು ಲಾಗಿನ್ ಬರಬೇಕು ಅನ್ನೋವಾಗ ಟಪ್ ಅಂತ ಕಪ್ಪಾಗಿ ಮತ್ತೆ ಮೊದಲಿಂದ, ಹಿಂಗೇ ಸುತ್ತುತ್ತಾ ಇರತ್ತೆ. ವಿಂಡೋಸ್ ಕ್ರ್ಯಾಶ್ ಆದಾಗ ಬರೋ ಬ್ಲೂ ಸ್ಕ್ರೀನ್ ಕಾಣಲ್ಲ. ಅಂಗಡಿಯವ್ರು ಫೋನಲ್ಲೇ "ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು" ಅಂದ್ರು. ಮಗಳ ಕಾಲೇಜ್ ಪ್ರಾಜೆಕ್ಟ್ ಎಲ್ಲಾ ಅದ್ರಲ್ಲೇ ಇದೆ, ಬೇರೆ ದಾರಿ ಇದ್ರೆ ಹೇಳಿ.

ಹುಬ್ಳಿ_ಮಂದಿ:
ರ‍್ಯಾಮ್ ತಗದು ಪೆನ್ಸಿಲ್ ರಬ್ಬರ್‌ಲೆ ಬಂಗಾರ ಬಣ್ಣದ ಪಟ್ಟಿ ತಿಕ್ಕಿ ಹಾಕ್ರಿ ಸರ, ನಮ್ಮ ಕಡೆ ಅರ್ಧ ಕಂಪ್ಯೂಟರ್ ಅದರಾಗ ಸರಿ ಹೋಗ್ತಾವ.

ಬೆಸುಗೆ_ಭಟ್ರು:
ಫಾರ್ಮ್ಯಾಟ್ ಸದ್ಯಕ್ಕೆ ಬೇಡವೇ ಬೇಡ. ತೊಂದರೆ ವಿಂಡೋಸಲ್ಲೋ ಹಾರ್ಡ್‌ವೇರಲ್ಲೋ ಅಂತ ಗೊತ್ತಾಗ್ದೆ ಡಿಸ್ಕ್ ಒರೆಸೋದು ಏನ್ ನ್ಯಾಯ ಹೇಳಿ. ಮೊದಲು ಬಯೋಸ್‌ಗೆ (ವಿಂಡೋಸ್‌ಗೂ ಮುಂಚೆ ಬರೋ ಬೋರ್ಡ್‌ದೇ ಸೆಟ್ಟಿಂಗ್ಸ್ ಸ್ಕ್ರೀನ್) ಹೋಗಿ ಒಂದು ಕಾಲು ಗಂಟೆ ಸುಮ್ನೆ ಬಿಡಿ. ಅಲ್ಲೂ ರೀಸ್ಟಾರ್ಟ್ ಆದ್ರೆ ವಿಂಡೋಸ್‌ಗೆ ಸಂಬಂಧನೇ ಇಲ್ಲ. ಅಲ್ಲೇ ಸಿಪಿಯು ಟೆಂಪರೇಚರ್ ಕೂಡ ತೋರಿಸತ್ತೆ, ನೋಡ್ಕೊಳ್ಳಿ, ಫ್ಯಾನ್ ಕೂರಿಸಿರೋ ಪ್ಲಾಸ್ಟಿಕ್ ಪಿನ್ ಒಂದು ಬಿಟ್ಕೊಂಡಿದ್ರೂ ಹಿಂಗಾಗತ್ತೆ.

ಆಮೇಲೆ ವಿಂಡೋಸ್ ಲೋಡ್ ಆಗೋವಾಗ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ, ಇದನ್ನ ಎರಡು ಮೂರು ಸಲ ಮಾಡಿದ್ರೆ ಅದೇ ರಿಪೇರಿ ಸ್ಕ್ರೀನ್‌ಗೆ ಹೋಗತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 9 ಒತ್ತಿ, ಅದು ಕ್ರ್ಯಾಶ್ ಆದ್ರೆ ತಾನಾಗೇ ರೀಸ್ಟಾರ್ಟ್ ಆಗೋದನ್ನ ಆ ಒಂದು ಸಲದ ಮಟ್ಟಿಗೆ ತಡೆಯತ್ತೆ. ವಿಂಡೋಸ್ ಕ್ರ್ಯಾಶ್ ಆಗಿದ್ರೆ ಬ್ಲೂ ಸ್ಕ್ರೀನ್ ಅಲ್ಲೇ ನಿಲ್ಲತ್ತೆ, ಅದ್ರಲ್ಲಿರೋ ಕೋಡ್ ಇಲ್ಲಿ ಹಾಕಿ. 4 ಒತ್ತಿದ್ರೆ ಸೇಫ್ ಮೋಡ್, ಅಂದ್ರೆ ಬೇಕೇಬೇಕಾದ ಡ್ರೈವರ್‌ಗಳಷ್ಟೇ ಹಾಕ್ಕೊಂಡು ವಿಂಡೋಸ್ ಶುರುವಾಗೋದು, ಅದೂ ಟ್ರೈ ಮಾಡಿ.

ಮಲ್ನಾಡ್_ಪಿಸಿ:
ಭಟ್ರೇ, ಬಯೋಸಲ್ಲಿ ಏನೂ ಆಗ್ಲಿಲ್ಲ, ಟೆಂಪರೇಚರ್ 41 ಡಿಗ್ರಿ. 9 ಒತ್ತಿದ್ರೂ ಬ್ಲೂ ಸ್ಕ್ರೀನ್ ಇಲ್ಲ, ಅದೇ ಟಪ್. ಮಜಾ ಏನಂದ್ರೆ ಸೇಫ್ ಮೋಡ್ ಬಂತು, ಫೈಲ್ ಎಲ್ಲಾ ಪೆನ್ ಡ್ರೈವ್‌ಗೆ ತಗೊಂಡೆ. ರಬ್ಬರ್ ಉಜ್ಜಿದ್ದೂ ಆಯ್ತು, ಏನೂ ಬದಲಾಗ್ಲಿಲ್ಲ. ಸೇಫ್ ಮೋಡ್ ಬರತ್ತೆ ಅಂದ್ರೆ ವಿಂಡೋಸ್‌ದೇ ತಪ್ಪು ಅಲ್ವಾ?

ಬೆಸುಗೆ_ಭಟ್ರು:
ಎಲ್ರೂ ಹಂಗೇ ಅನ್ಕೊಳ್ಳೋದು. ಆದ್ರೆ ಸೇಫ್ ಮೋಡಲ್ಲಿ ಗ್ರಾಫಿಕ್ಸ್ ಡ್ರೈವರ್ ಲೋಡ್ ಆಗಲ್ಲ, ಕಾರ್ಡ್ ಪೂರ್ತಿ ಕೆಲಸಕ್ಕೆ ಇಳಿಯಲ್ಲ, ಕರೆಂಟ್ ಕಮ್ಮಿ ಎಳೆಯತ್ತೆ. ಬಯೋಸಲ್ಲೂ ಅಷ್ಟೇ. ಡ್ರೈವರ್ ಕೆಟ್ಟಿದ್ರೆ ಸಾಮಾನ್ಯವಾಗಿ ಬ್ಲೂ ಸ್ಕ್ರೀನ್ ನಿಲ್ಲಬೇಕಿತ್ತು, ನಿಲ್ಲಲಿಲ್ಲ, ಅದಕ್ಕೇ ನನ್ನ ಅನುಮಾನ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ) ಮೇಲೆ. ಖರ್ಚಿಲ್ದೆ ನೋಡೋಕೆ ಒಂದು ಉಪಾಯ ಇದೆ: ಗೋಡೆ ಪ್ಲಗ್ ಕಿತ್ತು ಗ್ರಾಫಿಕ್ಸ್ ಕಾರ್ಡ್ ತೆಗೆದಿಟ್ಟು ಮಾನಿಟರ್ ಕೇಬಲ್‌ನ ಬೋರ್ಡ್‌ದೇ ಪೋರ್ಟ್‌ಗೆ ಹಾಕಿ ಆನ್ ಮಾಡಿ.

ಮಲ್ನಾಡ್_ಪಿಸಿ:
ನಂಬ್ತೀರೋ ಇಲ್ವೋ, ಡೆಸ್ಕ್‌ಟಾಪ್ ಬಂತು!! ಆದ್ರೆ ಕಾರ್ಡೇ ಕೆಟ್ಟಿರಬಹುದಲ್ವಾ?

ಬೆಸುಗೆ_ಭಟ್ರು:
ಇರಬಹುದು, ಅದಕ್ಕೇ ಮಲ್ಟಿಮೀಟರ್ ಬೇಕು. ಕಾರ್ಡ್ ವಾಪಸ್ ಹಾಕಿ, ಡಿಸಿ 20 ವೋಲ್ಟ್‌ಗೆ ಇಟ್ಟು, ಖಾಲಿ ಇರೋ ನಾಲ್ಕು ಪಿನ್ನಿನ ಕನೆಕ್ಟರಲ್ಲಿ ಹಳದಿ ವೈರ್‌ಗೆ ಕೆಂಪು ಕಡ್ಡಿ, ಕಪ್ಪು ವೈರ್‌ಗೆ ಕಪ್ಪು ಕಡ್ಡಿ ಹಿಡಿದು ಬೂಟ್ ಮಾಡಿ. ಕಡ್ಡಿಗಳು ಒಂದಕ್ಕೊಂದು ತಾಗಬಾರ್ದು. 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೇ ಇರಬೇಕು. ಅದು ಕುಸಿದ್ರೆ ಕರೆಂಟ್ ಸರಿ ಇದೆ ಅಂತ ಬೋರ್ಡ್‌ಗೆ ಹೇಳೋಕೆ ಬೂದು ಬಣ್ಣದ ವೈರಲ್ಲಿ ಬರೋ ಪವರ್ ಗುಡ್ ಸಿಗ್ನಲ್ ನಿಂತುಹೋಗತ್ತೆ, ಬೋರ್ಡ್ ಅಲ್ಲೇ ರೀಸೆಟ್, ವಿಂಡೋಸ್‌ಗೆ ಬ್ಲೂ ಸ್ಕ್ರೀನ್ ತೋರಿಸೋಕೂ ಟೈಮ್ ಸಿಗಲ್ಲ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತಿದ್ರೂ ಒಳಗಿನ ಕೆಪಾಸಿಟರ್ ಶಾಕ್ ಹೊಡಿಯತ್ತೆ.

ಮಲ್ನಾಡ್_ಪಿಸಿ:
ಪಕ್ಕದ್ಮನೆ ಎಲೆಕ್ಟ್ರಿಷಿಯನ್ ಹತ್ರ ಮೀಟರ್ ಇತ್ತು. ಶುರುವಲ್ಲಿ 11.7 ಇದ್ದಿದ್ದು ಚುಕ್ಕಿ ತಿರುಗೋವಾಗ 10.9ಕ್ಕೆ ಇಳೀತು, ಟಪ್. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 450 ವಾಟ್ ಅಂತಿದೆ, ಕೆಳಗೆ ಸಣ್ಣದಾಗಿ 12 ವೋಲ್ಟ್ ಮುಂದೆ 14 ಆಂಪ್.

ಹುಬ್ಳಿ_ಮಂದಿ:
14 ಇಂಟು 12, 168 ವಾಟ್! ಉಳಿದದ್ದು ಎಲ್ಲಿ ಹೋತೋ ಮಾರಾಯ 😂

ಬೆಸುಗೆ_ಭಟ್ರು:
ಸಿಪಿಯು, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಮ್ಮಿ ಆ 12 ವೋಲ್ಟ್ ಮೇಲೇ ಬದುಕೋದು. ಹೊಸದು ತಗೊಳ್ಳೋವಾಗ ಆ ಆಂಪ್ ಸಾಲು ನೋಡಿ, ದಪ್ಪಕ್ಷರ ಅಲ್ಲ. ಬಿಲ್ ತಗೊಳ್ಳಿ.

ಮಲ್ನಾಡ್_ಪಿಸಿ:
ಹೊಸ ಎಸ್‌ಎಂಪಿಎಸ್ ಹಾಕ್ಸ್ದೆ, 12 ವೋಲ್ಟ್ ಲೈನಲ್ಲೇ 36 ಆಂಪ್ ಇರೋದು. ಕಾರ್ಡ್ ಹಾಕಿದ್ರೂ ಆರಾಮಾಗಿ ಬೂಟ್ ಆಗ್ತಿದೆ, ಮೀಟರ್ 12.1ರಲ್ಲೇ ನಿಂತಿದೆ. ವಿಂಡೋಸ್ ಆಗುಹೋಗು ಬರ್ಕೊಳ್ಳೋ ಈವೆಂಟ್ ವ್ಯೂವರ್ ತೆಗೆದ್ರೆ ಕರ್ನಲ್ ಪವರ್ 41 ಅನ್ನೋ ಎರರ್ ಸಾಲುಗಟ್ಟಿ ಬಿದ್ದಿದೆ, ಇದೇನು?

ಬೆಸುಗೆ_ಭಟ್ರು:
ಸರಿಯಾಗಿ ಶಟ್‌ಡೌನ್ ಆಗ್ದೆ ಆಫ್ ಆಯ್ತು ಅಂತ ಬರ್ಕೊಂಡಿರೋದು ಅಷ್ಟೇ, ಕಾರಣ ಹೇಳಲ್ಲ. ಹಳೇವು ಇರ್ಲಿ ಬಿಡಿ, ಹೊಸ ತಾರೀಖಿಂದು ಬಂದ್ರೆ ಹೇಳಿ. ಮತ್ತೆ ಆ ಹಳೇ ಡಬ್ಬಿನ ಇನ್ಯಾರಿಗೂ ಕೊಡಬೇಡಿ, ಇ-ವೇಸ್ಟ್‌ಗೆ ಹಾಕಿ.